ಇಂಗ್ಲಿಷ್ ಸಂಭಾಷಣೆಯ ದೋಷ ತಿದ್ದುಪಡಿ

ಇಂಗ್ಲಿಷ್ ಸಂಭಾಷಣೆಯ ದೋಷ ತಿದ್ದುಪಡಿ ಎಂಬುದು ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರ ದಿನಬಳಕೆಯ ಮಾತಿನಲ್ಲಿ ಕಂಡುಬರುವ ವ್ಯಾಕರಣದ ತಪ್ಪುಗಳನ್ನೂ ಅಸಹಜ ಪ್ರಯೋಗಗಳನ್ನೂ ಗುರುತಿಸಿ ಸರಿಪಡಿಸುವ ಬೋಧನಾಕ್ರಮ. ಅನ್ವಯಿಕ ಭಾಷಾವಿಜ್ಞಾನದಲ್ಲಿ ಇದು 'ದೋಷ ವಿಶ್ಲೇಷಣೆ' ಮತ್ತು 'ತಿದ್ದುವ ಪ್ರತಿಕ್ರಿಯೆ' ಎಂಬ ಎರಡು ಅಧ್ಯಯನ ಶಾಖೆಗಳಿಗೆ ಸೇರುತ್ತದೆ. ಪ್ರಬಂಧ, ಪತ್ರ ಮುಂತಾದ ಬರವಣಿಗೆಯನ್ನು ತಿದ್ದುವುದಕ್ಕಿಂತ ಇದು ಭಿನ್ನವಾದುದು. ಬರೆದದ್ದನ್ನು ನಿಧಾನವಾಗಿ ಓದಿ ಕೆಂಪು ಶಾಯಿಯಲ್ಲಿ ಗುರುತು ಹಾಕಬಹುದು. ಮಾತು ಆಡಿದ ಕ್ಷಣದಲ್ಲೇ ಕರಗಿಹೋಗುತ್ತದೆ. ತಿದ್ದಲು ಹೊರಟವನು ಮಾತನ್ನೇ ತಡೆದಂತಾಗುತ್ತದೆ. ಆದ್ದರಿಂದ ಏನನ್ನು ತಿದ್ದಬೇಕು ಎಂಬಷ್ಟೇ ಮುಖ್ಯವಾಗಿ ಯಾವಾಗ ತಿದ್ದಬೇಕು, ಯಾರ ಮುಂದೆ ತಿದ್ದಬೇಕು ಎಂಬ ಪ್ರಶ್ನೆಗಳೂ ಈ ವಿಷಯದಲ್ಲಿ ಏಳುತ್ತವೆ.

ಹತ್ತು ಹದಿನೈದು ವರ್ಷ ಇಂಗ್ಲಿಷ್ ಓದಿ, ಪರೀಕ್ಷೆಗಳಲ್ಲಿ ಉತ್ತೀರ್ಣರಾಗಿ, ಸಂದರ್ಶನದಲ್ಲಿ ಎರಡು ವಾಕ್ಯ ಆಡಲು ತಡವರಿಸುವ ಪದವೀಧರರು ಭಾರತದಲ್ಲಿ ಅಪರೂಪವಲ್ಲ. ಅವರಿಗೆ ವ್ಯಾಕರಣ ತಿಳಿಯದೆಂದು ಹೇಳಲಾಗದು. ತಪ್ಪಾದೀತೆಂಬ ಅಂಜಿಕೆ ಅನೇಕರ ಬಾಯಿ ಕಟ್ಟಿಸಿರುತ್ತದೆ. ತಿದ್ದುಪಡಿಯ ಕ್ರಮವನ್ನು ಕುರಿತ ಚರ್ಚೆಗೆ ಇಷ್ಟು ಮಹತ್ವ ಬಂದಿರುವುದು ಈ ಕಾರಣದಿಂದ.

ವ್ಯಾಕರಣಶುದ್ಧಿ ಮತ್ತು ಸಹಜತೆ

ಒಂದು ವಾಕ್ಯ ವ್ಯಾಕರಣದ ದೃಷ್ಟಿಯಿಂದ ಶುದ್ಧವಾಗಿದ್ದೂ ಕಿವಿಗೆ ಅಸಹಜವಾಗಿ ಕೇಳಿಸಬಹುದು. ಇಂಗ್ಲಿಷಿನಲ್ಲಿ ಗಟ್ಟಿ ಚಹಾಕ್ಕೆ 'ಸ್ಟ್ರಾಂಗ್ ಟೀ' ಎನ್ನುತ್ತಾರೆ. 'ಪವರ್‌ಫುಲ್ ಟೀ' ಎಂದರೆ ಯಾವ ನಿಯಮವೂ ಮುರಿಯುವುದಿಲ್ಲ, ಆದರೂ ಹಾಗೆ ಯಾರೂ ಹೇಳುವುದಿಲ್ಲ. ಭಾಷಾವಿಜ್ಞಾನಿ ಎಂ. ಎ. ಕೆ. ಹ್ಯಾಲಿಡೆ ಪದಗಳ ಸಹವಾಸವನ್ನು ವಿವರಿಸಲು ಬಳಸಿದ ಈ ಉದಾಹರಣೆ ಇಂದಿಗೂ ಪಾಠಗಳಲ್ಲಿ ಬರುತ್ತದೆ. ಕನ್ನಡದಲ್ಲಿಯೂ ಇದೇ ಸ್ಥಿತಿ ಇದೆ. 'ಹಲ್ಲು ಉಜ್ಜಿದೆ' ಎನ್ನುತ್ತೇವೆ. 'ಹಲ್ಲು ತೊಳೆದೆ' ಎಂದರೆ ಅರ್ಥವಾದರೂ ಕೇಳಿದವರು ಒಮ್ಮೆ ತಲೆಯೆತ್ತಿ ನೋಡುತ್ತಾರೆ.

1983ರಲ್ಲಿ ಆಂಡ್ರೂ ಪಾಲಿ ಮತ್ತು ಫ್ರಾನ್ಸಿಸ್ ಸೈಡರ್ ಪ್ರಕಟಿಸಿದ ಪ್ರಬಂಧವು ಈ ಒಗಟನ್ನೇ ಎತ್ತಿಕೊಂಡಿತು. ವ್ಯಾಕರಣವು ಒಪ್ಪುವ ವಾಕ್ಯಗಳು ಅಸಂಖ್ಯ. ಅವುಗಳಲ್ಲಿ ಆ ಭಾಷೆಯಲ್ಲಿ ಹುಟ್ಟಿಬೆಳೆದವರು ನಿಜವಾಗಿ ಆಡುವಂಥವು ಒಂದು ಸಣ್ಣ ಪಾಲು ಮಾತ್ರ. ಅವರು ಪ್ರತಿ ವಾಕ್ಯವನ್ನೂ ನಿಯಮಗಳಿಂದ ಹೊಸದಾಗಿ ಕಟ್ಟುವುದಿಲ್ಲ, ನೆನಪಿನಲ್ಲಿ ಸಿದ್ಧವಾಗಿರುವ ಪದಗುಚ್ಛಗಳನ್ನು ಜೋಡಿಸಿಕೊಳ್ಳುತ್ತಾರೆ ಎಂಬುದು ಅವರ ವಾದ. ಮೈಕೇಲ್ ಲೂಯಿಸ್ 1993ರಲ್ಲಿ ಇದನ್ನು ಬೋಧನಾಪದ್ಧತಿಯಾಗಿ ಬೆಳೆಸಿದರು.

ಸಹಜತೆಗೆ ಇನ್ನೊಂದು ಮಗ್ಗುಲಿದೆ. ಸಂದರ್ಭಕ್ಕೆ ತಕ್ಕ ಮಾತು ಯಾವುದೆಂಬ ತಿಳಿವಳಿಕೆಯೂ ಭಾಷಾಜ್ಞಾನದ ಅಂಗವೇ ಎಂದು ಡೆಲ್ ಹೈಮ್ಸ್ ಪ್ರತಿಪಾದಿಸಿ ಅದನ್ನು 'ಸಂವಹನ ಸಾಮರ್ಥ್ಯ' ಎಂದು ಕರೆದರು. ಜೆನ್ನಿ ಥಾಮಸ್ 1983ರ ತಮ್ಮ ಲೇಖನದಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ವ್ಯಾಕರಣ ತಪ್ಪಿದರೆ ಕೇಳುವವರು 'ಇವರಿಗೆ ಭಾಷೆ ಇನ್ನೂ ಬಂದಿಲ್ಲ' ಎಂದುಕೊಂಡು ಕ್ಷಮಿಸುತ್ತಾರೆ. ಮಾತಿನ ಧಾಟಿ ತಪ್ಪಿದರೆ 'ಇವರು ಒರಟರು' ಎಂದು ತೀರ್ಮಾನಿಸುತ್ತಾರೆ. ವ್ಯಾಕರಣ ಚೆನ್ನಾಗಿ ಬಲ್ಲವನಿಗೆ ಈ ಅಪಾಯ ಹೆಚ್ಚು.

ಹಿನ್ನೆಲೆ

ತಪ್ಪುಗಳ ಪಟ್ಟಿ ಮಾಡಿ ಪಕ್ಕದಲ್ಲಿ ಸರಿಯಾದ ರೂಪ ಕೊಡುವ ಕೈಪಿಡಿಗಳ ಪರಂಪರೆ ಹಳೆಯದು. ಭಾರತೀಯರ ಬರಹದ ನುಡಿಗಟ್ಟಿನ ದೋಷಗಳನ್ನು ಕುರಿತು ಜಾರ್ಜ್ ವಿಟ್‌ವರ್ತ್ ಬರೆದ 'ಇಂಡಿಯನ್ ಇಂಗ್ಲಿಷ್' ಎಂಬ ಪುಸ್ತಕ 1907ರಲ್ಲಿ ಪ್ರಕಟವಾಯಿತು. ಟಿ. ಜೆ. ಫಿಟಿಕೈಡ್ಸ್ ಅವರ 'ಕಾಮನ್ ಮಿಸ್ಟೇಕ್ಸ್ ಇನ್ ಇಂಗ್ಲಿಷ್' 1936ರಿಂದ ಹಲವು ಮುದ್ರಣ ಕಂಡಿದೆ. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು ಭಾರತದ ಶಾಲೆಗಳಲ್ಲಿ ತಲೆಮಾರುಗಳ ಕಾಲ ಪ್ರಮಾಣಗ್ರಂಥವಾಗಿತ್ತು. ಇವೆಲ್ಲವೂ ಬಿಡಿ ವಾಕ್ಯಗಳನ್ನು ತಿದ್ದುತ್ತವೆ. ಸಂಭಾಷಣೆ ಎಂಬ ಘಟಕ ಅವುಗಳ ದೃಷ್ಟಿಗೆ ಬಂದಿಲ್ಲ.

1950–60ರ ದಶಕಗಳಲ್ಲಿ ಅಮೆರಿಕದಲ್ಲಿ ಪ್ರಬಲವಾಗಿದ್ದ ಕೇಳಿ-ನುಡಿಯುವ ಪದ್ಧತಿಯು ಭಾಷೆಯನ್ನು ಅಭ್ಯಾಸಬಲವೆಂದು ಭಾವಿಸಿತು. ತಪ್ಪನ್ನು ಒಮ್ಮೆ ಬಿಟ್ಟರೆ ಅದು ಚಾಳಿಯಾಗಿ ಬೇರೂರುತ್ತದೆಂಬುದು ಅದರ ನಂಬಿಕೆ. ಆ ಪಂಥದ ನೆಲ್ಸನ್ ಬ್ರೂಕ್ಸ್ 1960ರಲ್ಲಿ ದೋಷವನ್ನು ಪಾಪಕ್ಕೆ ಹೋಲಿಸಿದ್ದರು. ಕಲಿಯುವವನ ಮಾತೃಭಾಷೆಯನ್ನೂ ಕಲಿಯುವ ಭಾಷೆಯನ್ನೂ ಹೋಲಿಸಿದರೆ ಎಲ್ಲಿ ಎಡವುತ್ತಾನೆಂದು ಮೊದಲೇ ಹೇಳಬಹುದೆಂದು ರಾಬರ್ಟ್ ಲಾಡೊ 1957ರ ತಮ್ಮ ಗ್ರಂಥದಲ್ಲಿ ವಾದಿಸಿದರು.

ಈ ಧೋರಣೆಯನ್ನು ಬದಲಿಸಿದವರಲ್ಲಿ ಪಿಟ್ ಕಾರ್ಡರ್ ಪ್ರಮುಖರು. 1967ರ ಪ್ರಬಂಧದಲ್ಲಿ ಅವರು 'ತಪ್ಪು' ಮತ್ತು 'ದೋಷ'ಗಳನ್ನು ಬೇರ್ಪಡಿಸಿದರು. ಗೊತ್ತಿದ್ದೂ ಬಾಯಿತಪ್ಪಿ ಆಡಿದ್ದು ತಪ್ಪು. ದಣಿವು, ಆತುರ, ಗಾಬರಿಗಳಿಂದ ಅದು ಯಾರಿಗೂ ಆಗುತ್ತದೆ, ತಾನೇ ತಿದ್ದಿಕೊಳ್ಳಲೂ ಬರುತ್ತದೆ. ಮತ್ತೆ ಮತ್ತೆ ಒಂದೇ ರೀತಿಯಲ್ಲಿ ಬರುವುದು ದೋಷ. ಕಲಿಯುವವನು ತನ್ನೊಳಗೆ ಕಟ್ಟಿಕೊಂಡಿರುವ ನಿಯಮವೇನೆಂದು ಅದು ತೋರಿಸಿಕೊಡುತ್ತದೆ. 'ಗೋ' ಎಂಬುದರ ಭೂತಕಾಲವನ್ನು 'ಗೋಡ್' ಎಂದ ಮಗು ದಡ್ಡ ಮಗುವಲ್ಲ. ಭೂತಕಾಲದ ಪ್ರತ್ಯಯ ಅದಕ್ಕೆ ತಿಳಿದಿದೆ ಎಂದೇ ಅರ್ಥ. ಇಂಥ ನಡುವಣ ವ್ಯವಸ್ಥೆಗೆ ಲ್ಯಾರಿ ಸೆಲಿಂಕರ್ 1972ರಲ್ಲಿ 'ಅಂತರಭಾಷೆ' ಎಂಬ ಹೆಸರನ್ನು ರೂಢಿಗೆ ತಂದರು. ಕೆಲವು ರೂಪಗಳು ಎಷ್ಟು ತಿದ್ದಿದರೂ ಹೋಗದೆ ಕಲ್ಲಿನಂತೆ ಉಳಿಯುವುದನ್ನೂ ಅವರು ಗುರುತಿಸಿ ಅದನ್ನು ಶಿಲೀಕರಣ ಎಂದು ಕರೆದರು.

ಕನ್ನಡ ಮಾತೃಭಾಷೆಯವರ ಮಾತಿನಲ್ಲಿ

ಕಲಿಯುವವರ ದೋಷಗಳೆಲ್ಲ ಮಾತೃಭಾಷೆಯಿಂದ ಬರುವುದಿಲ್ಲ. ಇಂಗ್ಲಿಷಿನ ಅನಿಯಮಿತ ಕ್ರಿಯಾರೂಪಗಳಲ್ಲಿ ಎಲ್ಲ ದೇಶದವರೂ ಎಡವುತ್ತಾರೆ. 'ಎ', 'ದಿ' ಎಂಬ ಉಪಪದಗಳಿಲ್ಲದ ರಷ್ಯನ್, ಜಪಾನಿ, ಹಿಂದಿ ಭಾಷಿಕರಿಗೂ ಕನ್ನಡಿಗರಿಗೂ ಅವುಗಳ ವಿಷಯದಲ್ಲಿ ಒಂದೇ ಬಗೆಯ ತೊಡಕು. ಸ್ಪ್ಯಾನಿಷ್ ಭಾಷೆಯವನು ತನ್ನ ವಯಸ್ಸನ್ನು ಹೇಳುವಾಗ 'ಐ ಹ್ಯಾವ್ ಟ್ವೆಂಟಿ ಇಯರ್ಸ್' ಎನ್ನುವುದು ಅವನ ಭಾಷೆಯ ಪ್ರಭಾವ. ಕನ್ನಡಿಗನು ಹಾಗೆ ಹೇಳುವುದಿಲ್ಲ, ಅವನ ತೊಡಕುಗಳು ಬೇರೆ.

ಕನ್ನಡದಲ್ಲಿ 'ನನಗೆ ಇಬ್ಬರು ತಮ್ಮಂದಿರಿದ್ದಾರೆ' ಎಂದು ಚತುರ್ಥೀ ವಿಭಕ್ತಿಯಿಂದ ಹೇಳುವುದನ್ನು ಇಂಗ್ಲಿಷ್ 'ಹ್ಯಾವ್' ಎಂಬ ಕ್ರಿಯಾಪದದಿಂದ ಹೇಳುತ್ತದೆ. 'ಇದ್ದಾರೆ' ಎಂಬುದು ವರ್ತಮಾನದ ಸ್ಥಿತಿಯಾದ್ದರಿಂದ ಕಲಿಯುವವನು 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಎನ್ನುತ್ತಾನೆ. 'ಅರ್ಥವಾಗುತ್ತಿದೆ' ಎಂಬುದು 'ಐ ಆಮ್ ಅಂಡರ್‌ಸ್ಟ್ಯಾಂಡಿಂಗ್' ಆಗುವುದೂ 'ತಲೆ ನೋಯುತ್ತಿದೆ' ಎಂಬುದು 'ಮೈ ಹೆಡ್ ಈಸ್ ಪೇನಿಂಗ್' ಆಗುವುದೂ ಹೀಗೆಯೇ. 'ಐದು ವರ್ಷದಿಂದ ಇಲ್ಲಿದ್ದೇನೆ' ಎಂಬಲ್ಲಿ ಕನ್ನಡಕ್ಕೆ ವರ್ತಮಾನಕಾಲವೂ 'ಇಂದ' ಪ್ರತ್ಯಯವೂ ಸಾಕು. ಅದನ್ನು 'ಐ ಆಮ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಎಂದು ಕೂಡಿಸಿದರೆ ಇಂಗ್ಲಿಷಿನಲ್ಲಿ ಎರಡು ಕಡೆ ಕೊರತೆ: ಕಾಲವು 'ಹ್ಯಾವ್ ಬೀನ್' ಆಗಬೇಕು, ಅವಧಿಗೆ 'ಫಾರ್' ಬೇಕು. 'ಸಿನ್ಸ್' ಬರುವುದು ಆರಂಭದ ಬಿಂದುವನ್ನು ಹೇಳುವಾಗ ಮಾತ್ರ. 'ಅದರ ಬಗ್ಗೆ ಚರ್ಚಿಸಿದೆವು' ಎಂಬ ಕನ್ನಡ ರೂಢಿಯು 'ಡಿಸ್ಕಸ್ಡ್ ಅಬೌಟ್' ಎಂಬುದಕ್ಕೆ ಬಲ ಕೊಡುತ್ತದೆ. ಇಂಗ್ಲಿಷಿನಲ್ಲಿ 'ಡಿಸ್ಕಸ್' ಎಂಬುದಕ್ಕೆ ಕರ್ಮಪದ ನೇರವಾಗಿ ಬರುತ್ತದೆ.

ಪ್ರಶ್ನೆ ಕೇಳುವ ರೀತಿಯಲ್ಲಿ ದೋಷಗಳು ಹೆಚ್ಚು. ಕನ್ನಡದಲ್ಲಿ ವಾಕ್ಯದ ಪದಕ್ರಮ ಕದಲಿಸದೆ ಪ್ರಶ್ನೆ ಮಾಡಬಹುದು. ಇಂಗ್ಲಿಷಿನಲ್ಲಿ ಸಹಾಯಕ ಕ್ರಿಯಾಪದವು ಕರ್ತೃವಿನ ಮುಂದಕ್ಕೆ ಹೋಗಬೇಕು. 'ವೇರ್ ಯು ಆರ್ ಗೋಯಿಂಗ್?' ಎಂಬುದು ಈ ಹೆಜ್ಜೆ ತಪ್ಪಿದ್ದರಿಂದ ಆದದ್ದು. ಕನ್ನಡದ 'ಅಲ್ಲವೆ', 'ತಾನೆ' ಎಂಬವು ಎಲ್ಲ ವಾಕ್ಯಗಳ ಕೊನೆಗೂ ಹೊಂದುತ್ತವೆ. ಇಂಗ್ಲಿಷಿನ ಬಾಲಪ್ರಶ್ನೆ ವಾಕ್ಯಕ್ಕೆ ತಕ್ಕಂತೆ ಬದಲಾಗುತ್ತದೆ. 'ಯು ಆರ್ ಕಮಿಂಗ್, ಈಸ್‌ನ್ಟ್ ಇಟ್?' ಎಂಬುದು ಭಾರತದಾದ್ಯಂತ ಕೇಳಿಬರಲು ಇದೇ ಕಾರಣ. ಪುಸ್ತಕ ಹೇಳುವ ರೂಪ 'ಆರ್‌ನ್ಟ್ ಯು?'.

ಇನ್ನೊಂದು ತೊಡಕು ಗೊಂದಲವನ್ನೇ ಹುಟ್ಟಿಸಬಲ್ಲದು. 'ನಾಳೆ ನೀವು ಬರುವುದಿಲ್ಲವೆ?' ಎಂದು ಕೇಳಿದರೆ ಕನ್ನಡಿಗನು 'ಹೌದು, ಬರುವುದಿಲ್ಲ' ಎನ್ನಬಹುದು; ಕೇಳಿದವನ ಊಹೆಗೆ ಅವನ 'ಹೌದು'. ಇಂಗ್ಲಿಷಿನಲ್ಲಿ ಉತ್ತರವು ಊಹೆಗಲ್ಲ, ಸಂಗತಿಗೆ. ಬರದಿದ್ದರೆ 'ನೋ, ಐ ಆಮ್ ನಾಟ್' ಎನ್ನಬೇಕು. ಬರಿಯ 'ಯೆಸ್' ಎಂದು ಹೇಳಿ ಫೋನ್ ಇಟ್ಟರೆ ಆ ಕಡೆಯವರು ಬರುತ್ತಾರೆಂದೇ ಕಾಯುತ್ತಾರೆ. ವ್ಯಾಕರಣದ ಹತ್ತು ತಪ್ಪುಗಳಿಗಿಂತ ಇಂಥ ಒಂದನ್ನು ತಿದ್ದುವುದು ಹೆಚ್ಚು ಉಪಯುಕ್ತ.

ಕ್ರಿಯಾಪದಗಳ ಆಯ್ಕೆಯಲ್ಲಿ ಕನ್ನಡದ ನೆರಳು ಎದ್ದು ಕಾಣುತ್ತದೆ. 'ಫ್ಯಾನ್ ಹಾಕು' ಎಂಬುದು 'ಪುಟ್ ದ ಫ್ಯಾನ್' ಆಗುತ್ತದೆ. ಬೇಕಾದದ್ದು 'ಸ್ವಿಚ್ ಆನ್' ಅಥವಾ 'ಟರ್ನ್ ಆನ್'. 'ಫೋನ್ ಇಡುತ್ತೇನೆ' ಎಂಬುದು 'ಐ ವಿಲ್ ಕೀಪ್ ದ ಫೋನ್' ಆದಾಗ, ಫೋನನ್ನು ತಾನೇ ಇಟ್ಟುಕೊಳ್ಳುತ್ತಾನೆಂಬ ಅರ್ಥ ಬರುತ್ತದೆ. 'ಮಳೆ ಬರುತ್ತಿದೆ' ಎಂಬುದು 'ರೇನ್ ಈಸ್ ಕಮಿಂಗ್' ಆದಾಗ ಮಳೆ ಇನ್ನೂ ದೂರದಲ್ಲಿದೆಯೆಂದು ತಿಳಿಯಬಹುದು. ಸುರಿಯುತ್ತಿರುವ ಮಳೆಗೆ 'ಇಟ್ಸ್ ರೇನಿಂಗ್'. 'ಇಲ್ಲೇ ಇದ್ದೇನೆ' ಎಂಬಲ್ಲಿಯ ಅವಧಾರಣೆಯ 'ಏ'ಕಾರವನ್ನು 'ಓನ್ಲಿ' ಎಂಬ ಪದಕ್ಕೆ ಕಟ್ಟಿ 'ಐ ಆಮ್ ಹಿಯರ್ ಓನ್ಲಿ' ಎನ್ನುವುದು ದಕ್ಷಿಣದಲ್ಲಿ ಬಹಳ ಬಳಕೆಯಲ್ಲಿದೆ. ಇಂಗ್ಲಿಷ್ ಈ ಕೆಲಸವನ್ನು ದನಿಯ ಒತ್ತಿನಿಂದ ಅಥವಾ 'ರೈಟ್ ಹಿಯರ್' ಎಂಬಂಥ ಪದಗುಚ್ಛದಿಂದ ಮಾಡಿಕೊಳ್ಳುತ್ತದೆ. ದ್ವಿರುಕ್ತಿಯೂ ಹೀಗೆಯೇ ದಾಟಿಬರುತ್ತದೆ: 'ಸಣ್ಣ ಸಣ್ಣ ವಿಷಯ' ಎಂಬುದು 'ಸ್ಮಾಲ್ ಸ್ಮಾಲ್ ಥಿಂಗ್ಸ್' ಆಗುತ್ತದೆ.

ಕನ್ನಡದಲ್ಲಿ ಸುಲಭವಾಗಿರುವುದು ಇಂಗ್ಲಿಷಿನಲ್ಲಿ ಇಲ್ಲದೆಯೇ ಇರುವುದೂ ಉಂಟು. 'ಇವರು ನಿಮ್ಮ ಎಷ್ಟನೆಯ ಮಗ?' ಎಂಬ ಪ್ರಶ್ನೆಯನ್ನು ಇಂಗ್ಲಿಷಿಗೆ ತರಲು ಹೋಗಿ ಸೋಲದ ವಿದ್ಯಾರ್ಥಿ ವಿರಳ. 'ಎಷ್ಟನೆಯ' ಎಂಬುದಕ್ಕೆ ಆ ಭಾಷೆಯಲ್ಲಿ ಒಂದೇ ಪದದ ಸಾಟಿಯಿಲ್ಲ. 'ಈಸ್ ಹಿ ಯುವರ್ ಎಲ್ಡೆಸ್ಟ್?' ಎಂದೋ ಮಕ್ಕಳೆಷ್ಟು ಎಂದೋ ಸುತ್ತಿ ಕೇಳಬೇಕು. ಇಲ್ಲಿ ಸೋಲು ಕಲಿಯುವವನದಲ್ಲ.

ವಿನಯದ ವಿಷಯ ಎಲ್ಲಕ್ಕಿಂತ ನಾಜೂಕಾದದ್ದು. ಕನ್ನಡದಲ್ಲಿ ಗೌರವವು ಕ್ರಿಯಾಪದದ ಪ್ರತ್ಯಯದಲ್ಲಿದೆ. 'ನೀರು ಕೊಡಿ' ಎಂದಾಗ ಆ 'ಇ'ಕಾರವೇ ಸೌಜನ್ಯವನ್ನು ಹೊತ್ತಿರುತ್ತದೆ. ಬೇರೆ 'ದಯವಿಟ್ಟು' ಬೇಕಿಲ್ಲ, ಮನೆಯೊಳಗೆ ಹಾಗೆಂದರೆ ಅಣಕದಂತೆಯೂ ಕೇಳಬಹುದು. ಇಂಗ್ಲಿಷ್ ಕ್ರಿಯಾಪದದಲ್ಲಿ ಅಂಥ ಪ್ರತ್ಯಯವಿಲ್ಲ. ಆದ್ದರಿಂದ 'ಗಿವ್ ಮಿ ವಾಟರ್' ಎಂಬ ಮಾತು, ಆಡಿದವನ ಮನಸ್ಸಿನಲ್ಲಿ 'ಕೊಡಿ' ಇದ್ದರೂ, ಕೇಳಿದವರಿಗೆ 'ಕೊಡು' ಎಂದೇ ಮುಟ್ಟುತ್ತದೆ. 'ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?' ಎಂದು ವಾಕ್ಯವನ್ನೇ ಪ್ರಶ್ನೆಯಾಗಿ ತಿರುಗಿಸುವುದು ಅಲ್ಲಿಯ ರೂಢಿ. ನೀನು-ನೀವು ಎಂಬ ಭೇದ ಇಲ್ಲದ ಕೊರತೆಯನ್ನು ತುಂಬಲು ಕನ್ನಡಿಗರು ವಾಕ್ಯಕ್ಕೊಂದು 'ಸರ್', 'ಮೇಡಂ' ಸೇರಿಸುವುದೂ ಇದೇ ಮೂಲದ್ದು.

ಬೀಳ್ಕೊಳ್ಳುವ ಮಾತು ಒಳ್ಳೆಯ ನಿದರ್ಶನ. ಮನೆಯಿಂದ ಹೊರಡುವವರು 'ಹೋಗುತ್ತೇನೆ' ಎನ್ನುವುದು ಅಶುಭವೆಂದು 'ಬರುತ್ತೇನೆ' ಎನ್ನುವುದು ಕನ್ನಡನಾಡಿನ ನಡೆ. ಅದನ್ನೇ 'ಐ ವಿಲ್ ಕಮ್' ಎಂದು ಹೇಳಿ ಹೊರನಡೆದರೆ, ಯಾವಾಗ ಬರುತ್ತಾರೆಂದು ಇಂಗ್ಲಿಷ್ ಮನೆಯವರು ಕೇಳಿಯಾರು. 'ಊಟ ಆಯಿತೆ?' ಎಂಬುದು ಕನ್ನಡದಲ್ಲಿ ಕುಶಲಪ್ರಶ್ನೆ; ಇಂಗ್ಲಿಷಿಗೆ ಬಂದಾಗ ಅದು ಊಟಕ್ಕೆ ಕರೆಯುವ ಪೀಠಿಕೆಯಂತೆ ಕೇಳುತ್ತದೆ.

ಒಂದು ಮಾದರಿ

ತಿದ್ದುಪಡಿಯ ಎರಡು ಹಂತಗಳನ್ನು ತೋರಿಸಲು ಇಬ್ಬರು ಸಹಪಾಠಿಗಳ ಕಲ್ಪಿತ ಸಂಭಾಷಣೆಯೊಂದನ್ನು ಇಲ್ಲಿ ನೋಡಬಹುದು.

— ವೈ ಯು ಡಿಡ್ ನಾಟ್ ಕೇಮ್ ಯೆಸ್ಟರ್‌ಡೇ?
— ಮೈ ಹೆಡ್ ವಾಸ್ ಪೇನಿಂಗ್. ಐ ಟುಕ್ ಟ್ಯಾಬ್ಲೆಟ್ ಅಂಡ್ ಸ್ಲೆಪ್ಟ್.
— ನೌ ಇಟ್ ಈಸ್ ಓಕೆ, ನೋ?
— ಯೆಸ್. ಐ ಆಮ್ ಹ್ಯಾವಿಂಗ್ ಒನ್ ಡೌಟ್ ಇನ್ ಹೋಮ್‌ವರ್ಕ್.
— ಯು ಟೆಲ್. ಐ ವಿಲ್ ಕ್ಲಿಯರ್.

ವ್ಯಾಕರಣ ಮಾತ್ರ ತಿದ್ದುವವರು ಮೊದಲ ವಾಕ್ಯವನ್ನು 'ವೈ ಡಿಡ್ ಯು ನಾಟ್ ಕಮ್ ಯೆಸ್ಟರ್‌ಡೇ?' ಎಂದು ಮಾಡುತ್ತಾರೆ. 'ಡಿಡ್' ಬಂದಮೇಲೆ ಭೂತಕಾಲವನ್ನು ಅದು ಒಬ್ಬನೇ ಹೊರುತ್ತದೆ, ಆದ್ದರಿಂದ 'ಕಮ್'. ನಿಯಮ ಸರಿಯಾಯಿತು. ಆದರೆ ಈ ವಾಕ್ಯ ಹಾಜರಿ ಪುಸ್ತಕ ಹಿಡಿದ ಉಪಾಧ್ಯಾಯರ ಬಾಯಿಗೆ ಹೊಂದುತ್ತದೆ, ಗೆಳೆಯನ ಬಾಯಿಗಲ್ಲ. ಎರಡನೆಯ ಹಂತದಲ್ಲಿ ಸಂಭಾಷಣೆ ಹೀಗೆ ರೂಪಾಂತರಗೊಳ್ಳಬಹುದು.

— ಯು ವರ್‌ನ್ಟ್ ಹಿಯರ್ ಯೆಸ್ಟರ್‌ಡೇ. ಈಸ್ ಎವೆರಿಥಿಂಗ್ ಆಲ್ ರೈಟ್?
— ಐ ಹ್ಯಾಡ್ ಎ ಹೆಡೇಕ್, ಸೋ ಐ ಟುಕ್ ಎ ಟ್ಯಾಬ್ಲೆಟ್ ಅಂಡ್ ವೆಂಟ್ ಟು ಬೆಡ್.
— ಆರ್ ಯು ಫೀಲಿಂಗ್ ಬೆಟರ್ ನೌ?
— ಮಚ್ ಬೆಟರ್, ಥ್ಯಾಂಕ್ಸ್. ದೇರ್ಸ್ ಸಮ್‌ಥಿಂಗ್ ಇನ್ ದ ಹೋಮ್‌ವರ್ಕ್ ಐ ಡೋಂಟ್ ಅಂಡರ್‌ಸ್ಟ್ಯಾಂಡ್.
— ಶೋ ಮಿ. ಲೆಟ್ಸ್ ಹ್ಯಾವ್ ಎ ಲುಕ್.

ಇಲ್ಲಿ 'ಪೇನಿಂಗ್' ಹೋಗಿ 'ಹ್ಯಾಡ್ ಎ ಹೆಡೇಕ್' ಬಂದುದು ಪದಸಹವಾಸದ ತಿದ್ದುಪಡಿ. 'ಟ್ಯಾಬ್ಲೆಟ್' ಹಿಂದೆ 'ಎ' ಸೇರಿದ್ದು ವ್ಯಾಕರಣದ್ದು. 'ಡೌಟ್' ಎಂಬ ಪದಕ್ಕೆ ಭಾರತದ ತರಗತಿಗಳಲ್ಲಿ 'ತಿಳಿಯದ ಅಂಶ' ಎಂಬ ಅರ್ಥವಿದೆ. ಬ್ರಿಟನ್ ಅಥವಾ ಅಮೆರಿಕದಲ್ಲಿ ಅದು ಅನುಮಾನ ಎಂಬ ಅರ್ಥವನ್ನೇ ಮುಖ್ಯವಾಗಿ ಕೊಡುವುದರಿಂದ, 'ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆಯಿಲ್ಲ' ಎಂದಂತೆ ಕೇಳುವ ಅಪಾಯವಿದೆ. 'ಯು ಟೆಲ್' ಎಂಬುದು 'ನೀನು ಹೇಳು' ಎಂಬ ಸ್ನೇಹದ ಮಾತಿನ ಪಡಿಯಚ್ಚು. ಮೂಲದಲ್ಲಿದ್ದ ಸ್ನೇಹ ಉಳಿಯಬೇಕು, ಅದನ್ನು ಹೊರುವ ರೂಪ ಮಾತ್ರ ಬದಲಾಗಬೇಕು. ಎರಡನೆಯ ಆವೃತ್ತಿಯೇ ಏಕೈಕ ಸರಿಯುತ್ತರವೆಂದು ತಿಳಿಯುವುದೂ ಸಲ್ಲದು. ಇದೇ ಸಂದರ್ಭಕ್ಕೆ ಹತ್ತು ಸಹಜ ರೂಪಗಳು ಸಾಧ್ಯ.

ತಿದ್ದುವ ವಿಧಾನಗಳು

ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಅವರು ಕೆನಡಾದ ಪ್ರಾಥಮಿಕ ಹಂತದ ಫ್ರೆಂಚ್ ಮಾಧ್ಯಮ ತರಗತಿಗಳನ್ನು ಅಭ್ಯಸಿಸಿ 1997ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದಲ್ಲಿ ಬಹುವಾಗಿ ಉಲ್ಲೇಖಗೊಂಡಿದೆ. ಫ್ರೆಂಚನ್ನು ಕುರಿತ ಅಧ್ಯಯನವಾದರೂ ಅದರ ವರ್ಗೀಕರಣವನ್ನು ಇಂಗ್ಲಿಷ್ ಬೋಧಕರೂ ಬಳಸುತ್ತಾರೆ. ಉಪಾಧ್ಯಾಯರು ತಿದ್ದುವ ಆರು ಬಗೆಗಳನ್ನು ಅವರು ಗುರುತಿಸಿದರು: ಇದು ತಪ್ಪು, ಇದು ಸರಿ ಎಂದು ನೇರವಾಗಿ ಹೇಳುವುದು, ತಪ್ಪನ್ನು ಹೆಸರಿಸದೆ ಸರಿಯಾದ ರೂಪದಲ್ಲಿ ಮರುನುಡಿಯುವುದು, ಅರ್ಥವಾಗಲಿಲ್ಲವೆಂದು ಮತ್ತೆ ಹೇಳಲು ಕೇಳುವುದು, ನಿಯಮದ ಸುಳಿವು ಕೊಡುವುದು, ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಉಳಿದುದನ್ನು ವಿದ್ಯಾರ್ಥಿಯಿಂದಲೇ ಹೊರಡಿಸುವುದು, ತಪ್ಪಿದ ಭಾಗವನ್ನು ದನಿಯೇರಿಸಿ ಪುನರುಚ್ಚರಿಸುವುದು.

ಇವುಗಳಲ್ಲಿ ಮರುನುಡಿಯೇ ಅರ್ಧಕ್ಕಿಂತ ಹೆಚ್ಚು ಬಾರಿ ಬಳಕೆಯಾಗಿತ್ತು. ವಿದ್ಯಾರ್ಥಿ 'ಐ ಗೋ ಟು ಮಾರ್ಕೆಟ್ ಯೆಸ್ಟರ್‌ಡೇ' ಎಂದರೆ ಉಪಾಧ್ಯಾಯರು 'ಓಹ್, ಯು ವೆಂಟ್ ಟು ದ ಮಾರ್ಕೆಟ್? ವಾಟ್ ಡಿಡ್ ಯು ಬೈ?' ಎನ್ನುತ್ತಾರೆ. ಮಾತು ಮುರಿಯುವುದಿಲ್ಲ, ಮುಖಭಂಗವೂ ಆಗುವುದಿಲ್ಲ. ಆದರೆ ವಿದ್ಯಾರ್ಥಿಗಳು ತಮ್ಮ ಮಾತನ್ನು ತಿದ್ದಿಕೊಳ್ಳಲು ಅದೇ ಎಲ್ಲಕ್ಕಿಂತ ಕಡಿಮೆ ಪ್ರೇರಣೆ ನೀಡಿತ್ತು. ಕಾರಣ ಊಹಿಸುವುದು ಕಷ್ಟವಲ್ಲ: ಉಪಾಧ್ಯಾಯರು ತನ್ನ ಮಾತಿಗೆ ತಲೆದೂಗಿದರೆಂದೇ ಮಗು ತಿಳಿದಿರುತ್ತದೆ. ವಿದ್ಯಾರ್ಥಿಯಿಂದಲೇ ಸರಿಯಾದ ರೂಪ ಹೊರಡಿಸುವ ವಿಧಾನಗಳು ಈ ದೃಷ್ಟಿಯಿಂದ ಹೆಚ್ಚು ಫಲ ಕೊಟ್ಟಿದ್ದವು. ಆದರೆ ಕೂಡಲೇ ತಿದ್ದಿ ನುಡಿದದ್ದು ಶಾಶ್ವತವಾಗಿ ಕಲಿತದ್ದೆಂದು ಹೇಳಲು ಬರುವುದಿಲ್ಲ ಎಂಬ ಎಚ್ಚರಿಕೆಯೂ ಅಗತ್ಯ.

ಯಾವುದನ್ನು ಮೊದಲು ತಿದ್ದಬೇಕು ಎಂಬುದಕ್ಕೆ ಮರೀನಾ ಬರ್ಟ್ ಮತ್ತು ಕ್ಯಾರೊಲ್ ಕಿಪಾರ್ಸ್ಕಿ 1972ರಲ್ಲಿ ಸೂಚಿಸಿದ ಭೇದ ಉಪಯುಕ್ತವಾಗಿದೆ. ಇಡೀ ವಾಕ್ಯದ ಅರ್ಥವನ್ನೇ ಕೆಡಿಸುವ ದೋಷಗಳು ಒಂದು ಬಗೆ, ಅರ್ಥಕ್ಕೆ ಧಕ್ಕೆ ತಾರದ ಸ್ಥಳೀಯ ದೋಷಗಳು ಇನ್ನೊಂದು. 'ದಿ' ಬಿಟ್ಟುಹೋದದ್ದು ಎರಡನೆಯದಕ್ಕೆ ಸೇರುತ್ತದೆ; ಹೌದು-ಇಲ್ಲಗಳ ಅದಲುಬದಲು ಮೊದಲನೆಯದಕ್ಕೆ. ತರಗತಿಗಳಲ್ಲಿ ಇದಕ್ಕೆ ವಿರುದ್ಧವಾಗಿ ನಡೆಯುವುದೇ ಹೆಚ್ಚು, ಏಕೆಂದರೆ ಸಣ್ಣ ದೋಷಗಳೇ ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಮಾತು ಮುಗಿಯುವವರೆಗೆ ಸುಮ್ಮನಿದ್ದು, ಕೇಳಿಸಿದ ದೋಷಗಳನ್ನು ಬರೆದಿಟ್ಟುಕೊಂಡು, ಕೊನೆಗೆ ಆಡಿದವರ ಹೆಸರೆತ್ತದೆ ಕಪ್ಪುಹಲಗೆಯ ಮೇಲೆ ಚರ್ಚಿಸುವ ಪದ್ಧತಿ ಸಂಭಾಷಣೆಯ ಪಾಠಕ್ಕೆ ಚೆನ್ನಾಗಿ ಒಪ್ಪುತ್ತದೆ.

ಬೆಂಗಳೂರು ಯೋಜನೆ

ಈ ವಿಷಯದ ಇತಿಹಾಸದಲ್ಲಿ ಕರ್ನಾಟಕಕ್ಕೆ ನೇರ ಸ್ಥಾನವಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗವು 'ಬೆಂಗಳೂರು ಯೋಜನೆ' ಎಂದು ಜಗತ್ತಿನಾದ್ಯಂತ ಭಾಷಾಬೋಧಕರಿಗೆ ಪರಿಚಿತವಾಗಿದೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಬ್ರಿಟಿಷ್ ಕೌನ್ಸಿಲ್ ಅದರೊಂದಿಗೆ ಸಂಬಂಧ ಹೊಂದಿದ್ದವು. ವ್ಯಾಕರಣವನ್ನು ಪಾಠಕ್ರಮದ ಬೆನ್ನೆಲುಬಾಗಿ ಇಡದೆ, ರೈಲಿನ ವೇಳಾಪಟ್ಟಿ ಓದಿ ಯಾವ ಗಾಡಿ ಹಿಡಿಯಬೇಕೆಂದು ನಿರ್ಧರಿಸುವುದು, ನಕ್ಷೆ ನೋಡಿ ದಾರಿ ಹೇಳುವುದು ಮುಂತಾದ ಬುದ್ಧಿ ಬಳಸಿ ಬಿಡಿಸುವ ಕೆಲಸಗಳನ್ನು ಮಕ್ಕಳಿಗೆ ಕೊಡಲಾಯಿತು. ಅರ್ಥದಲ್ಲಿ ಮನಸ್ಸು ತೊಡಗಿದಾಗ ವ್ಯಾಕರಣ ತಾನಾಗಿ ಒಳಗೆ ರೂಪುಗೊಳ್ಳುತ್ತದೆಂಬುದು ಪ್ರಭು ಅವರ ನಿಲುವು.

ದೋಷಗಳ ವಿಷಯದಲ್ಲಿ ಅವರು 'ಪ್ರಾಸಂಗಿಕ ತಿದ್ದುಪಡಿ' ಮತ್ತು 'ವ್ಯವಸ್ಥಿತ ತಿದ್ದುಪಡಿ' ಎಂಬ ಭೇದ ಮಾಡಿದರು. ಕೈಯಲ್ಲಿರುವ ಕೆಲಸ ಸಾಗಲು ಬೇಕಾದಷ್ಟು ಮಾತ್ರ, ಆ ಹೊತ್ತಿನ ಆ ಮಾತನ್ನು ಸರಿಪಡಿಸಿ ಮುಂದೆ ಹೋಗುವುದು ಮೊದಲನೆಯದು. ಪಾಠ ನಿಲ್ಲಿಸಿ, ನಿಯಮ ವಿವರಿಸಿ, ಅದೇ ಮಾದರಿಯ ಇನ್ನಷ್ಟು ವಾಕ್ಯ ಹೇಳಿಸುವುದು ಎರಡನೆಯದು. ಯೋಜನೆಯ ತರಗತಿಗಳಲ್ಲಿ ಇದನ್ನು ಕೈಬಿಡಲಾಗಿತ್ತು. ಮನೆಯಲ್ಲಿ ದೊಡ್ಡವರು ಮಗುವಿನ ಮಾತನ್ನು ತಿದ್ದುವ ರೀತಿಗೆ ಇದು ಹತ್ತಿರವಾದುದು. ಪ್ರಭು ಅವರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' 1987ರಲ್ಲಿ ಪ್ರಕಟವಾಯಿತು. ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಯೋಜನೆಯ ಮೌಲ್ಯಮಾಪನ ಪ್ರಕಟಿಸಿದರು. ಫಲಿತಾಂಶ ಒಟ್ಟಾರೆ ಯೋಜನೆಗೆ ಅನುಕೂಲವಾಗಿತ್ತಾದರೂ, ಹೋಲಿಕೆಯ ತರಗತಿಗಳು ಎಲ್ಲ ರೀತಿಯಲ್ಲೂ ಸಮಾನವಾಗಿರಲಿಲ್ಲವೆಂಬ ಆಕ್ಷೇಪ ಉಳಿದಿದೆ. ಹೊರದೇಶಗಳ ಬೋಧನಾ ಗ್ರಂಥಗಳಲ್ಲಿ ಕಾರ್ಯಾಧಾರಿತ ಕಲಿಕೆಯ ಅಧ್ಯಾಯ ಬೆಂಗಳೂರಿನ ಹೆಸರಿಲ್ಲದೆ ಮುಗಿಯುವುದು ಅಪರೂಪ. ಕನ್ನಡನಾಡಿನಲ್ಲಿ ಅದರ ಪರಿಚಯ ಅಷ್ಟಾಗಿ ಇಲ್ಲದಿರುವುದು ವಿಷಾದದ ಸಂಗತಿ.

ತಿದ್ದಬೇಕೆ ಎಂಬ ವಿವಾದ

ತಾಯಂದಿರು ಮಕ್ಕಳ ಮಾತಿನಲ್ಲಿ ಸತ್ಯಾಸತ್ಯವನ್ನು ಗಮನಿಸುತ್ತಾರೆಯೇ ಹೊರತು ವ್ಯಾಕರಣವನ್ನಲ್ಲ ಎಂದು ರೋಜರ್ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ 1970ರಲ್ಲಿ ತೋರಿಸಿದ್ದರು. ಇದರಿಂದ ತಿದ್ದುಪಡಿಯೇ ಅನಾವಶ್ಯಕವೆಂಬ ವಾದಕ್ಕೆ ಬಲ ಬಂದಿತು. ಸ್ಟೀಫನ್ ಕ್ರಾಷನ್ ಅವರ ಪ್ರಕಾರ ಆತಂಕವು ಒಂದು ತಡೆಗೋಡೆಯಂತೆ ಕೆಲಸ ಮಾಡಿ ಕಿವಿಗೆ ಬಿದ್ದ ಭಾಷೆಯನ್ನು ಒಳಕ್ಕೆ ಇಳಿಯಗೊಡುವುದಿಲ್ಲ. ಮಾತಿನ ನಡುವೆ ತಿದ್ದುವುದು ಆ ಆತಂಕವನ್ನು ಹೆಚ್ಚಿಸುತ್ತದೆ. ಜಾನ್ ಟ್ರಸ್ಕಾಟ್ 1996ರಲ್ಲಿ ಬರವಣಿಗೆಯಲ್ಲಿಯೂ ವ್ಯಾಕರಣ ತಿದ್ದುವುದನ್ನು ನಿಲ್ಲಿಸಬೇಕೆಂದು ವಾದಿಸಿದಾಗ ಡಾನಾ ಫೆರಿಸ್ 1999ರಲ್ಲಿ ಅದನ್ನು ಖಂಡಿಸಿ ಉತ್ತರ ಬರೆದರು.

ಇನ್ನೊಂದು ಕಡೆ, ಶಾಲೆಯ ಹೊರಗೆ ಇಂಗ್ಲಿಷ್ ಕಿವಿಗೆ ಬೀಳದ ಊರುಗಳ ಪರಿಸ್ಥಿತಿ ಬೇರೆ. ಮನೆಯಲ್ಲಿ ಮಗುವಿಗೆ ದಿನವಿಡೀ ಸರಿಯಾದ ರೂಪ ಕೇಳಿಸುತ್ತಿರುತ್ತದೆ. ವಾರಕ್ಕೆ ಕೆಲವೇ ಅವಧಿ, ಅದೂ ಪಾಠವನ್ನು ಕನ್ನಡದಲ್ಲಿ ವಿವರಿಸುವ ತರಗತಿಯಲ್ಲಿ, ತನ್ನ ದೋಷ ತನಗೇ ಕಾಣುವಷ್ಟು ಸಾಮಗ್ರಿ ಅದಕ್ಕೆ ಸಿಗುವುದಿಲ್ಲ. ಅಲ್ಲಿ ತಿದ್ದದೆ ಬಿಡುವುದು ಔದಾರ್ಯವಾಗಲಾರದು. ನಂತರ ಸಂದರ್ಶನದ ಮೇಜಿನಾಚೆ ಕುಳಿತವರು ತಿದ್ದುವುದಿಲ್ಲ, ಹೆಸರು ಬಿಟ್ಟುಬಿಡುತ್ತಾರೆ. ನಾಲ್ಕು ಜನರೆದುರು ನಗೆಗೀಡುಮಾಡಿ ತಿದ್ದುವುದು ಮಾತ್ರ ಎರಡೂ ಪಕ್ಷದವರು ಖಂಡಿಸುವ ಪದ್ಧತಿ. ಹಾಗೆ ಒಮ್ಮೆ ನಗಿಸಿಕೊಂಡ ಹುಡುಗಿ ಮತ್ತೆ ಕೈಯೆತ್ತುವುದಿಲ್ಲ, ಮತ್ತು ಅವಳ ಮುಂದಿನ ದೋಷಗಳು ಯಾರಿಗೂ ಕೇಳಿಸುವುದಿಲ್ಲ.

ಭಾರತೀಯ ಇಂಗ್ಲಿಷಿನ ಪ್ರಶ್ನೆ

ಸಹಜತೆ ಎಂದರೆ ಯಾರ ಕಿವಿಗೆ ಸಹಜ? ಬ್ರಜ್ ಕಾಚ್ರು ಅವರು ಭಾರತದ ಇಂಗ್ಲಿಷನ್ನು ಅಪಕ್ವ ಬ್ರಿಟಿಷ್ ಇಂಗ್ಲಿಷ್ ಎಂದು ನೋಡದೆ, ತನ್ನದೇ ರೂಢಿಗಳುಳ್ಳ ಒಂದು ಪ್ರಭೇದವೆಂದು ಕಾಣಬೇಕೆಂದು ವಾದಿಸಿದರು. ಪಾರೂ ನಿಹಲಾನಿ, ಆರ್. ಕೆ. ಟಾಂಗ್ ಮತ್ತು ಪ್ರಿಯಾ ಹೊಸಾಲಿ ಅವರ 1979ರ ಕೈಪಿಡಿಯು ಭಾರತೀಯ ಮತ್ತು ಬ್ರಿಟಿಷ್ ರೂಢಿಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿತು. ಮುಂದೂಡುವುದಕ್ಕೆ ಎದುರಾಗಿ ಹುಟ್ಟಿದ 'ಪ್ರೀಪೋನ್' ಎಂಬ ಭಾರತೀಯ ಪದ ಇಂದು ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ 1938ರ 'ಕಾಂತಾಪುರ'ದಲ್ಲಿ ಕನ್ನಡ ಹಳ್ಳಿಯ ಅಜ್ಜಿಯೊಬ್ಬಳ ಮಾತಿನ ಓಟವನ್ನು ಉದ್ದೇಶಪೂರ್ವಕವಾಗಿಯೇ ಇಂಗ್ಲಿಷಿಗೆ ಇಳಿಸಿದರು. ಅದೇ ಲಕ್ಷಣಗಳನ್ನು ನಿಸ್ಸಿಮ್ ಎಜ಼ೆಕಿಯಲ್ ತಮ್ಮ ಕೆಲವು ಕವಿತೆಗಳಲ್ಲಿ ವಿನೋದಕ್ಕೆ ಬಳಸಿದ್ದಾರೆ.

ಉಚ್ಚಾರಣೆಯ ಕ್ಷೇತ್ರದಲ್ಲಿ ಜೆನಿಫರ್ ಜೆಂಕಿನ್ಸ್ 2000ದಲ್ಲಿ ಇಂಥದೇ ಪ್ರಶ್ನೆ ಎತ್ತಿದರು: ಇಂಗ್ಲಿಷ್ ಇಂದು ಪರಸ್ಪರ ಬೇರೆ ಬೇರೆ ಮಾತೃಭಾಷೆಯವರ ನಡುವಣ ಸಂಪರ್ಕ ಭಾಷೆಯಾಗಿರುವಾಗ, ಗ್ರಹಿಕೆಗೆ ಅಡ್ಡಿಯಾಗದ ವ್ಯತ್ಯಾಸಗಳನ್ನು ದೋಷವೆನ್ನಬೇಕೆ? ಹುಬ್ಬಳ್ಳಿಯವನು ಚೆನ್ನೈಯವನೊಡನೆ ಇಂಗ್ಲಿಷಿನಲ್ಲಿ ಮಾತನಾಡುವಾಗ 'ಐ ಆಮ್ ಹಿಯರ್ ಓನ್ಲಿ' ಎಂಬುದು ಇಬ್ಬರಿಗೂ ಪೂರ್ಣ ಅರ್ಥವಾಗುತ್ತದೆ. ಅಲ್ಲಿ 'ರೈಟ್ ಹಿಯರ್' ಎಂಬುದೇ ತುಸು ಕೃತಕ. ಅದೇ ವ್ಯಕ್ತಿ ಲಂಡನ್ನಿನ ಗ್ರಾಹಕನಿಗೆ ಫೋನ್ ಮಾಡಿದಾಗ ಇನ್ನೊಂದು ರೂಪ ಬೇಕಾಗುತ್ತದೆ. ಆದ್ದರಿಂದ ಹಲವು ಬೋಧಕರು 'ತಪ್ಪು' ಎಂಬ ಒಂದೇ ಹಣೆಪಟ್ಟಿಯ ಬದಲು, ಎಲ್ಲಿಯೂ ಸಲ್ಲದ ರೂಪ ಯಾವುದು, ಇಲ್ಲಿ ಸಂದು ಅಲ್ಲಿ ಸಲ್ಲದ ರೂಪ ಯಾವುದು ಎಂದು ವಿಂಗಡಿಸಿ ಹೇಳುತ್ತಾರೆ. 'ಡಿಡ್ ನಾಟ್ ಕೇಮ್' ಮೊದಲ ಗುಂಪಿಗೂ 'ಡೌಟ್' ಎರಡನೆಯ ಗುಂಪಿಗೂ ಸೇರುತ್ತವೆ. ಮನೆಮಾತು ಮತ್ತು ಗ್ರಾಂಥಿಕ ಕನ್ನಡಗಳ ನಡುವೆ ದಿನವೂ ಓಡಾಡುವ ಕನ್ನಡ ವಿದ್ಯಾರ್ಥಿಗೆ ಈ ವಿಂಗಡಣೆ ಹೊಸದಲ್ಲ.

ಗಣಕ ಸಾಧನಗಳು

ವ್ಯಾಕರಣವನ್ನು ತಾನಾಗಿ ತಿದ್ದುವ ತಂತ್ರಾಂಶಗಳು ಇಂದು ಮೊಬೈಲಿನಲ್ಲಿಯೇ ದೊರೆಯುತ್ತವೆ. ಉಪಪದ, ಕಾಲ, ಏಕವಚನ-ಬಹುವಚನಗಳ ದೋಷಗಳನ್ನು ಅವು ಚೆನ್ನಾಗಿ ಹಿಡಿಯುತ್ತವೆ. ನಗುವವರಿಲ್ಲದ ಕಾರಣ ಸಂಕೋಚದ ಸ್ವಭಾವದವರಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಯಾರು ಯಾರೊಡನೆ ಮಾತನಾಡುತ್ತಿದ್ದಾರೆಂಬುದನ್ನು ಹೇಳದಿದ್ದರೆ ಯಂತ್ರಕ್ಕೆ ತಿಳಿಯುವ ಬಗೆಯಿಲ್ಲ. 'ಗಿವ್ ಮಿ ವಾಟರ್' ಎಂಬ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲವಾದ್ದರಿಂದ ವ್ಯಾಕರಣವನ್ನಷ್ಟೇ ನೋಡುವ ತಂತ್ರಾಂಶ ಅದನ್ನು ಹಾಗೆಯೇ ಬಿಡುತ್ತದೆ. ಸಂಭಾಷಣೆಯನ್ನು ತಿದ್ದಿಸಿಕೊಳ್ಳುವವರು ಆಡುವವರ ಸಂಬಂಧ, ವಯಸ್ಸು, ಸ್ಥಳಗಳನ್ನು ಮೊದಲೇ ತಿಳಿಸಿ, ತಿದ್ದಿದ ರೂಪದ ಜೊತೆಗೆ ಕಾರಣವನ್ನೂ ಕೇಳಿದರೆ ಹೆಚ್ಚಿನ ಪ್ರಯೋಜನವಿದೆ. ತ್ವರಿತವಾಗಿ ದೊರೆತ ಸರಿಯಾದ ವಾಕ್ಯವನ್ನು ನಕಲು ಮಾಡಿಕೊಂಡವನು ಮುಂದಿನ ಸಲ ಬಾಯಿ ತೆರೆದಾಗ ಹಳೆಯ ವಾಕ್ಯವನ್ನೇ ಆಡುತ್ತಾನೆ. ತಿದ್ದಿದ ಸಂಭಾಷಣೆಯನ್ನು ಇಬ್ಬರು ಕೂಡಿ, ಪಾತ್ರ ಬದಲಿಸಿಕೊಂಡು, ಪುಸ್ತಕ ಮುಚ್ಚಿ ಹಲವು ಬಾರಿ ಗಟ್ಟಿಯಾಗಿ ಆಡುವ ಹಳೆಯ ಅಭ್ಯಾಸಕ್ಕೆ ಈ ಸಾಧನಗಳು ಬದಲಿಯಾಗಿಲ್ಲ.